ಹೊಲದ ಕಳೆ, ಮುಖದ ಕಳೆ

ಪ್ರಶ್ನೆ: ರಾಗಿ ಹೊಲದ ಬೇಡವಾದ ಗಿಡಕ್ಕೂ ಮದುಮಗಳ ಮುಖದ ಕಾಂತಿಗೂ ‘ಕಳೆ’ ಎಂದೇ ಹೇಳುತ್ತೇವೆ; ಹತ್ತರಲ್ಲಿ ಮೂರನ್ನು ತೆಗೆಯುವಾಗಲೂ ಅದೇ ಪದ. ಇವೆಲ್ಲ ಒಂದೇ ಮೂಲದವೇ?

ಉತ್ತರ 1: ಅಲ್ಲ. ಮುಖದ ಕಳೆಯು ಸಂಸ್ಕೃತದ ‘ಕಲಾ’ ಶಬ್ದದ ತದ್ಭವ. ಚಂದ್ರಬಿಂಬದ ಹದಿನಾರರಲ್ಲಿ ಒಂದು ಭಾಗಕ್ಕೂ ಇದೇ ಹೆಸರು; ಕಳೆಗಟ್ಟು, ಕಳೆಗುಂದು ಎಂಬ ನುಡಿಗಟ್ಟುಗಳು ಈ ಕಡೆಯವು. ಹೊಲದ ಕಳೆಯಾದರೋ ದ್ರಾವಿಡ ಮೂಲದ್ದು; ತಮಿಳಿನ ‘ಕಳೈ’ ಎಂಬುದಕ್ಕೂ ಈ ಗಿಡವೆಂಬ ಅರ್ಥದ ಜೊತೆಗೆ ಕಿತ್ತು ತೆಗೆಯುವುದು ಎಂಬ ಅರ್ಥವಿದೆ. ಲೆಕ್ಕದಲ್ಲಿ ಕಳೆಯುವುದೂ ಕಾಲ ಕಳೆಯುವುದೂ ಈ ಬಳಗಕ್ಕೇ ಸೇರುತ್ತವೆ.

ಉತ್ತರ 2: ಮೇಲಿನ ವಿವರಣೆ ಸರಿಯಾಗಿದೆ. ಆದರೆ ಯಾವುದು ಕಳೆ ಎಂಬುದನ್ನು ಗಿಡಕ್ಕಿಂತ ಹೆಚ್ಚಾಗಿ ಕೀಳುವವರ ಅಗತ್ಯವೇ ನಿರ್ಧರಿಸುತ್ತದೆ. ರಾಗಿಯ ನಡುವೆ ಏಳುವ ಅಣ್ಣೆ ಸೊಪ್ಪು ಪೈರಿಗೆ ಕಳೆಯೇ ಆದರೂ, ಕಳೆ ಕೀಳುವ ಹೆಂಗಸರು ಅದರ ಎಳೆಯ ಕುಡಿಗಳನ್ನು ಬೇರೆಯಾಗಿ ಮಡಿಲಿಗೆ ಹಾಕಿಕೊಂಡು ಬೆರಕೆ ಸೊಪ್ಪಿನ ಸಾರಿಗೆ ಒಯ್ಯುತ್ತಾರೆ. ನಮ್ಮವರು ಕಾಂಗ್ರೆಸ್ ಗಿಡವೆನ್ನುವ ಪಾರ್ಥೇನಿಯಂಗೆ ಮಾತ್ರ ಇಂಥ ಮರ್ಯಾದೆ ಸಿಕ್ಕಿಲ್ಲ.

ಪ್ರಶ್ನೆ: ಹಾಗಾದರೆ ‘ಕಳೆದ ವಾರ’?

ಉತ್ತರ 1: ಅದೂ ಕ್ರಿಯಾಪದದ ಕಳೆಯೇ; ಸಂದುಹೋದ ವಾರ ಎಂದರ್ಥ.