ಲಾಗೋಸ್‌ಗೆ ಹೋದ ಸಿಮೆಂಟ್ ದಿಬ್ಬಣ

ಸಿಮೆಂಟ್ ಮೂಟೆಗೆ ಮತ್ತೆ ರೇಟು ಏರಿದೆ ಅಂತ ಸೀನ ಗೊಣಗುತ್ತಿದ್ದ. ಮನೆ ಕಟ್ಟಿಸುತ್ತಿರುವವನ ಬಾಯಲ್ಲಿ ಬೇರೆ ಮಾತು ಬರುವುದಿಲ್ಲ ಬಿಡಿ. "ಸರ್ಕಾರದವರು ಹೊರಗಿಂದ ಒಂದಷ್ಟು ಹಡಗು ಸಿಮೆಂಟ್ ತರಿಸಿ ಸುರಿದರೆ ಈ ಕಂಪನಿಯವರೆಲ್ಲ ತಾವಾಗೇ ದಾರಿಗೆ ಬರ್ತಾರೆ" ಅಂದ.

ನಾಗಣ್ಣ ಕಾಫಿ ಲೋಟ ಕೆಳಗಿಟ್ಟರು. ಅವರು ಲಾಗೋಸ್‌ನಲ್ಲಿ ಬಹಳ ವರ್ಷ ಲೆಕ್ಕಪತ್ರ ನೋಡಿಕೊಂಡಿದ್ದವರು. ನಾವು ಬದನೆಕಾಯಿ ವಿಷಯ ಎತ್ತಿದರೂ ನೈಜೀರಿಯಾಕ್ಕೆ ಒಯ್ದು ಬಿಡುತ್ತಾರೆ. ಈ ಸಲ ಅವರಿಗೆ ಆ ಕಷ್ಟವೂ ಇರಲಿಲ್ಲ.

"ತರಿಸೋದು ಸುಲಭ ಕಣೋ ಸೀನ. ನೈಜೀರಿಯಾದವರು ತರಿಸಿದ್ದರು. 1975ರಲ್ಲಿ."

"ಎಷ್ಟು?"

"1.6 ಕೋಟಿ ಟನ್."

ಮೇಸ್ತ್ರಿ ಮಂಜ ಬೆರಳು ಮಡಚಿ ಲೆಕ್ಕ ಹಾಕಿದ. "50 ಕೆಜಿ ಮೂಟೆ ಆದರೆ 32 ಕೋಟಿ ಮೂಟೆ! ಏನಣ್ಣ, ಸಮುದ್ರಕ್ಕೇ ತಾರಸಿ ಹಾಕೋಕಾ?"

ಸೈನಿಕರಿಗೆ ಮನೆ ಕಟ್ಟೋಕೆ ಅಂತ ನಾಗಣ್ಣ ಹೇಳಿದರು. ಅಲ್ಲಿ ಅಂತರ್ಯುದ್ಧ ಮುಗಿದಿದ್ದು 1970ರಲ್ಲಿ. ಸೈನ್ಯ ದೊಡ್ಡದಾಗಿತ್ತು, ಇರೋಕೆ ಬ್ಯಾರಕ್ ಇರಲಿಲ್ಲ. 1973ರಲ್ಲಿ ಕಚ್ಚಾ ತೈಲದ ಬೆಲೆ ಗಗನಕ್ಕೇರಿ ಕೈತುಂಬ ದುಡ್ಡು ಬಂತು. ಸಿಮೆಂಟಿಗೆ ಬೇಕಾದ ಸುಣ್ಣದಕಲ್ಲು ದೇಶದಲ್ಲೇ ಇತ್ತು, ಎನ್‌ಕಲಾಗು, ಎವೆಕೊರೊ ಅಂತ ಊರುಗಳಲ್ಲಿ ಐವತ್ತು ಅರವತ್ತರ ದಶಕದ ಕಾರ್ಖಾನೆಗಳೂ ಇದ್ದವು, ಆದರೆ ಅವು ಸಾಲುತ್ತಿರಲಿಲ್ಲ. ಯಾಕುಬು ಗೊವಾನ್ ಅವರ ಮಿಲಿಟರಿ ಸರ್ಕಾರ 68 ವ್ಯಾಪಾರಿಗಳ ಜೊತೆ 109 ಕರಾರು ಮಾಡಿಕೊಂಡಿತು. ಹೆಚ್ಚುಕಡಿಮೆ 100 ಕೋಟಿ ಡಾಲರ್ ಮಾಲು. ಆ ವ್ಯಾಪಾರಿಗಳಲ್ಲಿ ಹಲವರದು ಸಿಮೆಂಟ್ ಕಾರ್ಖಾನೆಯೇ ಅಲ್ಲ, ಅವರಿಂದ ಕೊಂಡು ಇವರಿಗೆ ಮಾರುವ ದಲ್ಲಾಳಿಗಳು.

"ಬಂದರಿನಲ್ಲಿ ಅಷ್ಟನ್ನೂ ಇಳಿಸೋಕೆ ಆಗುತ್ತಿತ್ತಾ?" ಅಂತ ನಾನು ಕೇಳಿದೆ.

"ಎಲ್ಲಿ ಬಂತು! ಅದರ ಹತ್ತಿರಕ್ಕೂ ಹೋಗ್ತಿರಲಿಲ್ಲ."

"ಮತ್ತೆ ಯಾಕೆ ತರಿಸಿದರು?"

ಇಲ್ಲಿ ನಾಗಣ್ಣನವರ ಮುಖ ಅರಳಿತು. ಹೇಗೂ ಎಲ್ಲರೂ ಮಾತು ಉಳಿಸಿಕೊಳ್ಳುವುದಿಲ್ಲ, ಐದರಲ್ಲಿ ಒಬ್ಬ ಮಾಲು ಕಳಿಸಿದರೆ ಹೆಚ್ಚು ಅನ್ನುವುದು ಅಲ್ಲಿಯ ಲೆಕ್ಕಾಚಾರವಾಗಿತ್ತಂತೆ. ಆಮೇಲೆ ಅಮೆರಿಕದ ಕೋರ್ಟಿನ ತೀರ್ಪಿನಲ್ಲೇ ಇದು ದಾಖಲಾಗಿದೆ. ಮದುವೆಗೆ ಸಾವಿರ ಪತ್ರಿಕೆ ಹಂಚಿ, ಇನ್ನೂರು ಜನ ಬಂದರೆ ಸಾಕು ಅಂತ ಇನ್ನೂರು ಎಲೆಗೆ ಅಡುಗೆ ಮಾಡಿಸಿದ ಹಾಗೆ. ದುರದೃಷ್ಟಕ್ಕೆ ದಿಬ್ಬಣ ಪೂರ್ತಿ ಬಂತು.

1975ರ ಜುಲೈ ಹೊತ್ತಿಗೆ ಲಾಗೋಸ್ ಎದುರಿನ ಸಮುದ್ರದಲ್ಲಿ ಸುಮಾರು 400 ಹಡಗು ಸಾಲುಗಟ್ಟಿ ನಿಂತಿದ್ದವು, ಅರ್ಧಕ್ಕಿಂತ ಜಾಸ್ತಿ ಸಿಮೆಂಟಿನವು. ಔಷಧಿ, ಊಟದ ಸಾಮಾನು ಹೊತ್ತ ಹಡಗುಗಳಿಗೂ ಜಾಗ ಇಲ್ಲ.

"ನಿಂತರೆ ನಿಲ್ಲಲಿ, ಅವರ ಹಡಗು ಅವರ ಖರ್ಚು" ಅಂದ ಸೀನ.

"ಅದೇ ಅಲ್ಲಪ್ಪ! ಡೆಮರೇಜ್ ಅಂತ ಇದೆ. ಇಳಿಸೋದು ತಡವಾದರೆ ಹಡಗು ಸುಮ್ನೆ ನಿಂತ ದಿನಕ್ಕೆಲ್ಲ ತರಿಸಿದವರೇ ದುಡ್ಡು ಕೊಡಬೇಕು. ಸರಕು ಸಾಗಿಸೋದಕ್ಕಿಂತ ಅಲ್ಲಿ ಹೋಗಿ ಲಂಗರು ಹಾಕಿ ಮಲಗೋದೇ ಲಾಭ ಅಂತ ಗೊತ್ತಾಯಿತು. ಗುಜರಿಗೆ ಹೋಗಬೇಕಿದ್ದ ಹಳೇ ಹಡಗುಗಳೆಲ್ಲ ತುಕ್ಕು ಒರೆಸಿಕೊಂಡು ಹೊರಟವು."

ಸೀನನ ಕಣ್ಣಲ್ಲಿ ಹೊಳಪು ಕಂಡೆ. ಮನೆ ಕಟ್ಟಿಸೋದು ಬಿಟ್ಟು ಹಡಗು ಕೊಳ್ಳೋ ಯೋಚನೆ ಇದ್ದಿರಬೇಕು.

ಮಂಜನ ಚಿಂತೆ ಮಾತ್ರ ಬೇರೆ. "ಅಣ್ಣ, ಜೂನ್ ಜುಲೈ ಅಲ್ಲೂ ಮಳೆಗಾಲ ಅಲ್ವಾ? ನಾನು ಮೂರು ತಿಂಗಳು ದಾಟಿದ ಮೂಟೆ ನಂಬೋದಿಲ್ಲ. ಗಾಳಿಯ ತೇವ ಕುಡಿದೇ ಒಳಗೆ ಗಂಟು ಕಟ್ಟಿಬಿಡುತ್ತೆ."

"ಕಟ್ಟಿತು. ಹಡಗಿನ ಹೊಟ್ಟೆಯಲ್ಲೇ ಕಲ್ಲಾಯಿತು ಎಷ್ಟೋ."

"ಹಾಗಾದರೆ ಕ್ಯೂರಿಂಗ್ ಚೆನ್ನಾಗೇ ಆಗಿದೆ" ಅಂದ ಮಂಜ. ಅವನಿಗೆ ವೃತ್ತಿಯ ಹೆಮ್ಮೆ.

ಜುಲೈ 29ಕ್ಕೆ ಗೊವಾನ್ ಕಂಪಾಲಾದಲ್ಲಿ ಆಫ್ರಿಕದ ನಾಯಕರ ಸಭೆಯಲ್ಲಿ ಕೂತಿದ್ದಾಗ ಇತ್ತ ಇನ್ನೊಬ್ಬ ಸೇನಾಧಿಕಾರಿ ಮುರ್ತಾಲಾ ಮೊಹಮ್ಮದ್ ಅವರ ಕೈಗೆ ಅಧಿಕಾರ ಹೋಯಿತು. "ಸಿಮೆಂಟಿಗೆ ಕುರ್ಚಿ ಹೋಯ್ತಾ?" ಅಂದ ಸೀನ. ಅದೊಂದೇ ಕಾರಣ ಅಲ್ಲ, ಭ್ರಷ್ಟಾಚಾರ ಇತ್ತು, ಜನರ ಸರ್ಕಾರಕ್ಕೆ ಅಧಿಕಾರ ಬಿಟ್ಟುಕೊಡುವ ದಿನ ಮುಂದೂಡಿದ ಸಿಟ್ಟೂ ಇತ್ತು. ಆದರೆ ಕಿಟಕಿಯಾಚೆ ಅಷ್ಟು ಹಡಗು ಕಾಣುತ್ತಿದ್ದರೆ ಯಾರಿಗೆ ತಾನೇ ಮರೆಯುತ್ತೆ? ನಾವೂ ನಗುವ ಹಾಗಿಲ್ಲ. ನಮ್ಮಲ್ಲಿ ಸಿಮೆಂಟ್‌ಗೆ ಪರ್ಮಿಟ್ ಬೇಕಿದ್ದ ಕಾಲದಲ್ಲಿ, ಸಿಮೆಂಟ್ ಹಂಚಿಕೆಗೂ ಮುಖ್ಯಮಂತ್ರಿ ಕಟ್ಟಿದ್ದ ಟ್ರಸ್ಟ್‌ಗೆ ಬಂದ ದೇಣಿಗೆಗೂ ನಂಟಿದೆ ಅಂತ ಹೈಕೋರ್ಟ್ ಹೇಳಿ, ಮಹಾರಾಷ್ಟ್ರದ ಮುಖ್ಯಮಂತ್ರಿ ಎ. ಆರ್. ಅಂತುಳೆ 1982ರಲ್ಲಿ ರಾಜೀನಾಮೆ ಕೊಟ್ಟರು. ಅಲ್ಲಿ ಸಿಮೆಂಟ್ ಜಾಸ್ತಿಯಾಗಿ ತೊಂದರೆ, ಇಲ್ಲಿ ಸಾಲದೆ ತೊಂದರೆ.

ಹೊಸ ಸರ್ಕಾರ ಹಣ ಕೊಡೋದು ನಿಲ್ಲಿಸಿತು. ವ್ಯಾಪಾರಿಗಳು ಕೋರ್ಟಿಗೆ ಹೋದರು. ನಾವು ಸರ್ಕಾರ, ನಮ್ಮ ಮೇಲೆ ಪರದೇಶದಲ್ಲಿ ಕೇಸ್ ಹಾಕುವ ಹಾಗಿಲ್ಲ ಅನ್ನುವುದು ನೈಜೀರಿಯಾದ ಕೇಂದ್ರ ಬ್ಯಾಂಕಿನ ವಾದ. 1977ರಲ್ಲಿ ಲಂಡನ್ನಿನ ನ್ಯಾಯಾಧೀಶ ಲಾರ್ಡ್ ಡೆನ್ನಿಂಗ್ ಅದನ್ನು ಒಪ್ಪಲಿಲ್ಲ. ಸಂತೆಗೆ ಬಂದು ಬೂಟೋ ಸಿಮೆಂಟೋ ಕೊಂಡರೆ ಸರ್ಕಾರಕ್ಕೂ ಸಂತೆಯ ನಿಯಮವೇ ಅಂದರು. ಇವತ್ತಿಗೂ ಕಾನೂನು ಓದುವವರಿಗೆ ಈ ಕೇಸು ತಪ್ಪಿದ್ದಲ್ಲ.

"ನೋಡಿದ್ಯಾ, ನಮ್ಮಲ್ಲೇ ಮಾಡಿಕೊಳ್ಳಬೇಕು. ನಮ್ಮ ಸೇಡಂ, ವಾಡಿ ಇಲ್ವಾ?" ಮಂಜ ಎದೆ ಉಬ್ಬಿಸಿದ.

ನೈಜೀರಿಯಾದವರೂ ಕೊನೆಗೆ ಅದೇ ಮಾಡಿದರು. 2002ರಲ್ಲಿ ಅಧ್ಯಕ್ಷ ಒಬಾಸಂಜೊ ಅವರ ಸರ್ಕಾರ, ಇಲ್ಲೇ ಕಾರ್ಖಾನೆ ಕಟ್ಟುವವರಿಗೆ ಮಾತ್ರ ಸಿಮೆಂಟ್ ತರಿಸೋಕೆ ಪರವಾನಗಿ ಅಂದಿತು. ಅದುವರೆಗೆ ಸಿಮೆಂಟ್ ಆಮದು ಮಾಡಿಕೊಂಡೇ ದೊಡ್ಡವರಾಗಿದ್ದ ಅಲಿಕೊ ಡಾಂಗೊಟೆ, ಕೊಗಿ ರಾಜ್ಯದ ಒಬಾಜಾನದಲ್ಲಿ ಭಾರಿ ಕಾರ್ಖಾನೆ ಎಬ್ಬಿಸಿದರು. ಹತ್ತು ವರ್ಷದಲ್ಲಿ ದೇಶಕ್ಕೆ ಬೇಕಾದಷ್ಟು ಅಲ್ಲೇ ತಯಾರಾಗತೊಡಗಿತು. ಹೊರಗೂ ಕಳಿಸಿದರು. ಅಲ್ಲೇ ಹತ್ತಿರದ ಘಾನಾಕ್ಕೆ ಒಳ್ಳೆಯ ಸುಣ್ಣದಕಲ್ಲು ಸಾಕಷ್ಟಿಲ್ಲ, ಅವರು ಬೇರೆ ಕಡೆ ಸುಣ್ಣದಕಲ್ಲು ಸುಟ್ಟು ಮಾಡಿದ ಗಟ್ಟಿ ಉಂಡೆ, ಅಂದರೆ ಕ್ಲಿಂಕರ್ ತರಿಸಿ ಜಿಪ್ಸಮ್ ಸೇರಿಸಿ ಅರೆಯುತ್ತಾರೆ. ಅದು ಜಾಣತನ, ಕ್ಲಿಂಕರ್ ಸಿಮೆಂಟಿನಷ್ಟು ಬೇಗ ಕೆಡುವುದಿಲ್ಲ.

"ಹಾಗಾದರೆ ಅಲ್ಲೀಗ ಮೂಟೆ ಅಗ್ಗವಾ?" ಸೀನ ಪಾಯಿಂಟಿಗೆ ಬಂದ.

ನಾಗಣ್ಣ ಸ್ವಲ್ಪ ತಡೆದರು. "2024ರ ಶುರುವಿನಲ್ಲಿ ಅಲ್ಲಿಯ ದುಡ್ಡಲ್ಲಿ 10,000 ನೈರಾ ದಾಟಿತ್ತು. ಸರ್ಕಾರ ಕಂಪನಿಗಳನ್ನು ಕೂರಿಸಿ 7,000ದಿಂದ 8,000ಕ್ಕೆ ಒಪ್ಪಿಸಿತು."

"ಕಲ್ಲು ಅವರದೇ, ಕಾರ್ಖಾನೆ ಅವರದೇ!"

ನೈರಾ ಬಿದ್ದಿದೆ, ಕುಲುಮೆಯ ಗ್ಯಾಸಿಗೆ, ಯಂತ್ರದ ಬಿಡಿಭಾಗಕ್ಕೆ ಡಾಲರ್ ಲೆಕ್ಕ, ಲಾರಿಗೆ ಡೀಸೆಲ್ ಅಂತೆಲ್ಲ ನಾಗಣ್ಣ ಸಮಜಾಯಿಷಿ ಕೊಟ್ಟರು. ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆಮದಿನ ಬಾಗಿಲು ಮುಚ್ಚಿ, ಒಳಗೆ ಬೆರಳೆಣಿಕೆಯ ದೊಡ್ಡವರನ್ನೇ ಬಿಟ್ಟರೆ ಬೆಲೆ ಇಳಿಸುವ ದರ್ದು ಯಾರಿಗಿದೆ? ಹೊರಗಿನ ಮಾಲು ಬರಬಹುದು ಅನ್ನುವ ಭಯವಾದರೂ ಇರಬೇಕು.

"ಅದನ್ನೇ ನಾನು ಮೊದಲು ಹೇಳಿದ್ದು" ಅಂತ ಸೀನ ಮೇಜು ಕುಟ್ಟಿದ. "ಒಂದು ನಾಲ್ಕು ಹಡಗು."

"ತರಿಸು ಮಾರಾಯ, ಯಾರು ಬೇಡ ಅಂದರು" ಅಂದ ಮಂಜ. "ಮೂಟೆ ಇಳಿಸೋಕೆ ಮಾತ್ರ ನನ್ನ ಕರೀಬೇಡ, ನನಗೆ ಸೊಂಟನೋವು."

ಅಷ್ಟರಲ್ಲಿ ನಾಗಣ್ಣ ಲಾಗೋಸಿನ ಟ್ರಾಫಿಕ್ ಬಗ್ಗೆ ಶುರು ಮಾಡಿದ್ದರು.