ಗೌಡನ ಡೋಪಮೈನ್ ಉಪವಾಸ

ಶಿವರಾತ್ರಿ ದಿನವೂ ಮೂರು ಹೊತ್ತು ಉಣ್ಣುವ ನಮ್ಮ ಗೌಡ ಈಗ ಡೋಪಮೈನ್ ಉಪವಾಸ ಹಿಡಿದಿದ್ದಾನೆ. ಫೋನ್‌ನಂಥ ಖುಷಿ ಕೊಡುವ ಚಟಗಳಿಂದ ದೂರ ಇದ್ದು, ಮಿದುಳಿನ ಡೋಪಮೈನ್ ಅನ್ನೋ ರಾಸಾಯನಿಕ ತಗ್ಗಿಸುವುದಂತೆ. ಫೋನ್ ಮನೆಯಲ್ಲಿ ಬಿಟ್ಟು ಹುಬ್ಬಳ್ಳಿಯ ದುರ್ಗದ ಬೈಲಿಗೆ ಬಂದು ಎರಡು ಪ್ಲೇಟ್ ಗಿರ್ಮಿಟ್ ಹೊಡೆದ. ಫೋನ್ ಇಲ್ಲದ್ದರಿಂದ ದುಡ್ಡು ನಾವೇ ಕೊಟ್ಟೆವು. ಈ ಉಪವಾಸದ ಮುಖ್ಯ ಲಾಭ ಅದೇ ಅಂತ ನನ್ನ ಅನುಮಾನ.

"ಡೋಪಮೈನ್ ಎಲ್ಲಾ ಇಳಿಸ್ತಿದ್ದೀನಿ" ಎಂದ.

"ಪೂರ್ತಿ ಇಳಿಸಬೇಡಪ್ಪಾ, ಮನೆಗೆ ಎತ್ತಿಕೊಂಡು ಹೋಗೋರು ಯಾರು?" ಎಂದರು ಮಾಸ್ತರ. ಜೀವಶಾಸ್ತ್ರ ಕಲಿಸಿ ರಿಟೈರ್ ಆದವರು. ನಮಗೆ ಮಾತ್ರ ಇನ್ನೂ ಪಾಠ ನಿಲ್ಲಿಸಿಲ್ಲ. "ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1950ರ ದಶಕದಲ್ಲಿ ಮೊಲಗಳಿಗೆ ರಿಸರ್ಪಿನ್ ಕೊಟ್ಟ. ನಮ್ಮ ಸರ್ಪಗಂಧದ ಬೇರಿನಲ್ಲಿ ಇರುತ್ತದಲ್ಲ, ಅದೇ. ಅದು ಮಿದುಳಿನ ಡೋಪಮೈನ್ ಖಾಲಿ ಮಾಡುತ್ತದೆ. ಮೊಲಗಳು ಕುಂತಲ್ಲೇ ಕುಂತವು. ದೇಹದೊಳಗೆ ಡೋಪಮೈನ್ ಆಗಿ ಬದಲಾಗುವ ಎಲ್-ಡೋಪಾ ಕೊಟ್ಟ ಮೇಲೆ ಎದ್ದು ಓಡಾಡಿದವು. 2000ದಲ್ಲಿ ನೊಬೆಲ್ ಬಂತು. ಡೋಪಮೈನ್ ಅಂದ್ರೆ ಬರೀ ಖುಷಿ ಅಲ್ಲಲೇ, ಕೈಕಾಲು ಆಡೋಕೂ ಅದು ಬೇಕು. ಬೆನ್ನುಹುರಿಗೂ ಇಳಿಯುತ್ತದೆ."

ಗೌಡ ಬೆನ್ನು ಮುಟ್ಟಿ ನೋಡಿಕೊಂಡ.

"ಮಿದುಳಿನ ಬುಡದಲ್ಲಿರೋ ಹೈಪೋಥಾಲಮಸ್ ಹತ್ತಿರ ಎ11 ಅನ್ನೋ ನರಕೋಶಗಳ ಸಣ್ಣ ಗುಂಪಿದೆ..."

"ಬಸ್ ನಂಬರ್ ಇದ್ದಂಗಿದೆ."

"ಸುಮ್ನಿರು. ಅದರ ಎಳೆಗಳು ಬೆನ್ನುಹುರಿಯ ಉದ್ದಕ್ಕೂ ಇಳಿದು ಡೋಪಮೈನ್ ಬಿಡುತ್ತವೆ. ಗಣಪತಿ ಪೆಂಡಾಲಿನಲ್ಲಿ ಹಾಡು ಹಾಕುವವನು ಒಬ್ಬ, ಸೌಂಡ್ ಏರಿಸಿ ಇಳಿಸುವವನು ಇನ್ನೊಬ್ಬ. ಡೋಪಮೈನ್ ಈ ಎರಡನೆಯವನು."

"ಇಳಿಸಿದ್ದನ್ನ ನಾನಂತೂ ನೋಡಿಲ್ಲ" ಎಂದರು ಟೇಲರ್ ಕಾಕಾ. ಅವರ ಅಂಗಡಿ ಪೆಂಡಾಲಿನ ಪಕ್ಕದಲ್ಲೇ ಇದೆ.

"ಇದು ಇಳಿಸುತ್ತದೆ ಕಾಕಾ. ನರಕೋಶದ ಮೇಲೆ ಇದನ್ನು ಹಿಡಿಯುವ ಗ್ರಾಹಕಗಳು 5 ಬಗೆ. ಡಿ1, ಡಿ5 ಹಿಡಿದರೆ ಕೋಶದೊಳಗೆ ಸುದ್ದಿ ಮುಟ್ಟಿಸುವ ಸೈಕ್ಲಿಕ್ ಎಎಂಪಿ ಅನ್ನೋ ರಾಸಾಯನಿಕ ಏರುತ್ತದೆ, ಸ್ನಾಯು ಆಡಿಸುವ ನರಕೋಶ ಸಾಮಾನ್ಯವಾಗಿ ಚುರುಕಾಗುತ್ತದೆ. ಡಿ2, ಡಿ3, ಡಿ4 ಹಿಡಿದರೆ ಉಲ್ಟಾ. ಬೆನ್ನುಹುರಿಯ ಹಿಂಭಾಗಕ್ಕೆ ಬರುವ ನೋವಿನ ಸುದ್ದಿಯನ್ನೂ ಡಿ2 ಅಲ್ಲೇ ತಗ್ಗಿಸುತ್ತದೆ."

ಕಾಕಾ ಈಗ ಸ್ಟೂಲ್ ಹತ್ತಿರ ಎಳೆದುಕೊಂಡರು. "ಮಾಸ್ತರ, ರಾತ್ರಿ ಮಲಗಿದ್ರೆ ಸಾಕು, ಮೀನಖಂಡದೊಳಗೆ ಏನೋ ಹರಿದಾಡುತ್ತದೆ. ಎದ್ದು ಓಣಿಯಲ್ಲಿ ನಾಲ್ಕು ಹೆಜ್ಜೆ ಹಾಕಿದ್ರೆ ಆರಾಮ. ಮಲಗಿದ್ರೆ ಮತ್ತೆ ಶುರು. ಓಣಿಯ ನಾಯಿಗಳು ನನ್ನ ನೋಡಿ ಬೊಗಳೋದನ್ನೇ ಬಿಟ್ಟಿವೆ. ಮೆಷಿನ್ ತುಳಿಯುವಾಗ ಮಾತ್ರ ಏನೂ ಇಲ್ಲ."

"ರೆಸ್ಟ್‌ಲೆಸ್ ಲೆಗ್ಸ್ ಇರಬಹುದು, ಕಾಲು ಸುಮ್ಮನಿರಲು ಬಿಡದ ಕಾಯಿಲೆ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರಲ್ಲೇ ಇದರ ಬಗ್ಗೆ ಬರೆದಿದ್ದಾನೆ."

"ಆಗ ಹೊಲಿಗೆ ಮೆಷಿನ್ ಇರಲಿಲ್ಲ. ಪಾಪ, ಏನು ತುಳಿದರೋ."

ಎ11ರಿಂದ ಬರುವ ಡೋಪಮೈನ್ ಸರಿಯಾಗಿ ಮುಟ್ಟದೆ ಹೀಗಾಗುತ್ತದೆ ಅಂತ ಒಂದು ವಾದ ಇದೆಯಂತೆ, ಪೂರ್ತಿ ಸಾಬೀತಾಗಿಲ್ಲ. ಆದರೆ ಕಬ್ಬಿಣ ಕಡಿಮೆ ಇದ್ದವರಿಗೆ ಈ ಕಾಟ ಜಾಸ್ತಿ. ಡೋಪಮೈನ್ ತಯಾರಿಸುವ ಕಿಣ್ವಕ್ಕೆ ಕಬ್ಬಿಣ ಬೇಕೇ ಬೇಕು. "ಡಾಕ್ಟರ್ ಹತ್ತಿರ ಹೋಗಿ ಫೆರಿಟಿನ್ ಟೆಸ್ಟ್ ಮಾಡಿಸು, ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿದೆ ಅಂತ ಗೊತ್ತಾಗುತ್ತದೆ" ಎಂದರು ಮಾಸ್ತರ.

"ದಿನಾ ಹಲ್ಲಿನಲ್ಲಿ ಸೂಜಿ ಕಚ್ಚಿಕೊಂಡೇ ಇರ್ತೀನಿ. ಇನ್ನೆಷ್ಟು ಕಬ್ಬಿಣ ತಿನ್ನಲಿ?"

ಅಷ್ಟು ಹೊತ್ತೂ ಗೌಡನ ಕಾಲು ಕುಣಿಯುತ್ತಲೇ ಇತ್ತು. ಬೆಂಚಿನ ಜೊತೆ ನಾವೂ ಅಲುಗುತ್ತಿದ್ದೆವು. "ಹಾಗಾದ್ರೆ ನಂದೂ ಇದೇನಾ?" ಎಂದ.

"ರಾತ್ರಿ ನಿದ್ದೆ ಬರುತ್ತಾ?"

"ಕಾಕಾನ ಹೆಜ್ಜೆ ಸಪ್ಪಳವೂ ಕೇಳಲ್ಲ."

"ನಿಂದು ಚಟ. ಕಾಲು ಕೆಳಗಿಡು."

ಕಾಕಾಗೆ ಈಗ ಮಾತ್ರೆ ಬೇಕಾಯಿತು. ಡಿ2, ಡಿ3 ಗ್ರಾಹಕಗಳನ್ನು ಒತ್ತುವ ಪ್ರಮಿಪೆಕ್ಸೋಲ್‌ನಂಥ ಮಾತ್ರೆಗಳು ಇವೆ. ಮೊದಮೊದಲು ಚೆನ್ನಾಗಿ ಕೆಲಸ ಮಾಡುತ್ತವೆ. ವರ್ಷಗಟ್ಟಲೆ ತಗೊಂಡರೆ ಎಷ್ಟೋ ಜನರಿಗೆ ಕಾಟ ವಾಪಸ್ ಬಂದು, ಸಂಜೆಯಿಂದಲೇ ಶುರುವಾಗುತ್ತದೆ. "ಇನ್ನೊಂದು ವಿಷಯ" ಎಂದು ಮಾಸ್ತರ ದನಿ ತಗ್ಗಿಸಿದರು, "ಆ ಮಾತ್ರೆಯಿಂದ ಕೆಲವರಿಗೆ ಜೂಜಿನ ಹುಚ್ಚು ಹಿಡಿಯುತ್ತದೆ."

ಎಲ್ಲರೂ ಗೌಡನ ಕಡೆ ನೋಡಿದೆವು.

"ನಾನು ಮಾತ್ರೆ ಇಲ್ಲದೇ ಇಸ್ಪೀಟ್ ಆಡ್ತೀನಪ್ಪಾ!" ಎಂದ.

"ಗೆದ್ದಿದ್ದೀಯಾ ಯಾವಾಗಾದ್ರೂ?" ಕಾಕಾ ಕೇಳಿದರು.

"ಇಲ್ಲ."

"ಹಾಗಾದ್ರೆ ನನಗೆ ಆ ಮಾತ್ರೆ ಬೇಡ ಮಾಸ್ತರ. ನಾನು ಓಣಿಯಲ್ಲೇ ಅಡ್ಡಾಡ್ತೀನಿ."