ಮಿಂಟ್ ಹಾಕಿದ ಮೇಲೆ ವೈಫೈ ಕಾಣುತ್ತಿಲ್ಲ: ನಿಮಗೆ ಹೀಗಾಗಿತ್ತಾ?

ಕೇಳಿದವರು: ಮಗಳ ಹಳೆ ಲ್ಯಾಪ್‌ಟಾಪ್‌ಗೆ ವಿಂಡೋಸ್ ಥರದ್ದೇ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಮಿಂಟ್ ಹಾಕಿದೆ. ಎಲ್ಲ ಚೆನ್ನಾಗಿದೆ, ವೈಫೈ ಪಟ್ಟಿ ಮಾತ್ರ ಖಾಲಿ. ಲ್ಯಾನ್ ಕೇಬಲ್ ಚುಚ್ಚಲು ಜಾಗವೂ ಇಲ್ಲ. ಯಾರಾದರೂ ದಾರಿ ಹೇಳಿ.

ಒಬ್ಬರು: ಮೊದಲು ಇಂಟರ್ನೆಟ್‌ಗೆ ವ್ಯವಸ್ಥೆ ಮಾಡಿಕೊಳ್ಳಿ. ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಫೋನ್ ಮನೆಯ ವೈಫೈನಲ್ಲಿದ್ದರೆ ಸಾಮಾನ್ಯವಾಗಿ ಅದನ್ನೇ ಹಂಚುತ್ತದೆ, ಡೇಟಾ ಖರ್ಚಾಗುವುದಿಲ್ಲ.

ಆಮೇಲೆ ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಆರ್‌ಎಫ್‌ಕಿಲ್ ಲಿಸ್ಟ್ ಕೊಡಿ, ವೈಫೈ ಬ್ಲಾಕ್ ಆಗಿದೆಯಾ ಅಂತ ಹೇಳುತ್ತದೆ. 'ಸಾಫ್ಟ್ ಬ್ಲಾಕ್ಡ್' ಎದುರು ಯೆಸ್ ಇದ್ದರೆ ಆರ್‌ಎಫ್‌ಕಿಲ್ ಅನ್‌ಬ್ಲಾಕ್ ಆಲ್ ಸಾಕು. 'ಹಾರ್ಡ್ ಬ್ಲಾಕ್ಡ್' ಯೆಸ್ ಇದ್ದರೆ ಕೀಬೋರ್ಡಿನ ಏರೋಪ್ಲೇನ್ ಕೀ ಅಥವಾ ಪಕ್ಕದ ಸಣ್ಣ ಸ್ವಿಚ್ ನೋಡಿ. ಎರಡೂ ನೋ ಆಗಿದ್ದರೆ ಎಲ್‌ಎಸ್‌ಪಿಸಿಐ ಹೈಫನ್ ಎನ್‌ಎನ್‌ಕೆ ಕೊಡಿ, ಒಳಗಿನ ಚಿಪ್‌ಗಳ ಪಟ್ಟಿ ಬರುತ್ತದೆ. ನೆಟ್‌ವರ್ಕ್ ಕಂಟ್ರೋಲರ್ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಸಾಲು ಇಲ್ಲ ಅಂದರೆ ಡ್ರೈವರ್ (ಚಿಪ್ ನಡೆಸುವ ಸಾಫ್ಟ್‌ವೇರ್) ಹತ್ತಿಲ್ಲ ಅಂತಲೇ ಅರ್ಥ. ಚಿಪ್ ಯಾವುದು ಅಂತ ತಿಳಿಯುವ ಮುಂಚೆ ಹಳೇ ಪುಟಗಳ ಕಮಾಂಡ್‌ಗಳನ್ನು ಸುಮ್ನೆ ಅಂಟಿಸಬೇಡಿ. ಬೇರೆ ಚಿಪ್‌ನ ಡ್ರೈವರ್ ಹಾಕಿ, ಇದ್ದದ್ದೂ ಬ್ಲ್ಯಾಕ್‌ಲಿಸ್ಟ್ ಆದರೆ (ಲೋಡ್ ಆಗದಂತೆ ತಡೆದರೆ) ಬಿಡಿಸೋದು ದೊಡ್ಡ ತಲೆನೋವು.

ಕೇಳಿದವರು: ಬ್ಲಾಕ್ ಏನೂ ಇಲ್ಲ. ಬ್ರಾಡ್‌ಕಾಮ್ ಬಿಸಿಎಂ 43142 ಅಂತ ತೋರಿಸುತ್ತಿದೆ. ಡ್ರೈವರ್ ಸಾಲು ಇಲ್ಲ.

ಇನ್ನೊಬ್ಬರು: ಹಾಗಾದರೆ ಸುಲಭ. ಮೆನುವಿನಲ್ಲಿ ಡ್ರೈವರ್ ಮ್ಯಾನೇಜರ್ ತೆರೆಯಿರಿ, ಬ್ರಾಡ್‌ಕಾಮ್ ಡ್ರೈವರ್ ತೋರಿಸುತ್ತದೆ. ಟೆದರಿಂಗ್ ಆಗದಿದ್ದರೂ ಚಿಂತೆಯಿಲ್ಲ. ಮಿಂಟ್ ಇನ್‌ಸ್ಟಾಲ್ ಮಾಡಿದ ಪೆನ್‌ಡ್ರೈವ್‌ನಲ್ಲೇ ಅದು ಇರುತ್ತದೆ, ಚುಚ್ಚಿದರೆ ಅಲ್ಲಿಂದ ತೆಗೆದುಕೊಳ್ಳುತ್ತದೆ.

ಜಾಸ್ತಿ ಜನ ಎಡವೋದು ಇದರ ಮುಂದೆ. ಸೆಕ್ಯೂರ್ ಬೂಟ್ (ಸಹಿಯಿಲ್ಲದ ಸಾಫ್ಟ್‌ವೇರ್ ತಡೆಯುವ ರಕ್ಷಣೆ) ಆನ್ ಇದ್ದರೆ ಒಂದು ಪಾಸ್‌ವರ್ಡ್ ಇಡಲು ಕೇಳುತ್ತದೆ. ರೀಸ್ಟಾರ್ಟ್ ಮಾಡಿದಾಗ ನೀಲಿ ಪರದೆ ಬರುತ್ತದೆ. ಏನೋ ಎರರ್ ಅಂದುಕೊಂಡು 'ಕಂಟಿನ್ಯೂ ಬೂಟ್' ಒತ್ತಬೇಡಿ. 'ಎನ್‌ರೋಲ್ ಎಂಒಕೆ' (ಡ್ರೈವರ್‌ನ ಸಹಿ ಕೀಲಿ ನೋಂದಾಯಿಸುವುದು) ಆರಿಸಿ ಅದೇ ಪಾಸ್‌ವರ್ಡ್ ಕೊಡಿ. ಇಲ್ಲದಿದ್ದರೆ ಡ್ರೈವರ್ ಇದ್ದರೂ ಕರ್ನಲ್ (ಸಿಸ್ಟಮ್‌ನ ತಿರುಳು) ಅದನ್ನು ಒಳಗೆ ಬಿಡುವುದಿಲ್ಲ. ಬಯಾಸ್‌ನಲ್ಲಿ (ಲ್ಯಾಪ್‌ಟಾಪ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್) ಸೆಕ್ಯೂರ್ ಬೂಟ್ ಆಫ್ ಮಾಡುವುದೂ ಒಂದು ದಾರಿ. ಮಗಳ ಓದಿನ ಲ್ಯಾಪ್‌ಟಾಪ್ ಅಲ್ವಾ, ನಾನಾಗಿದ್ದರೆ ಆನ್ ಇಟ್ಟೇ ಮಾಡುತ್ತಿದ್ದೆ.

ಮತ್ತೊಬ್ಬರು: ಇದೇ ಥರ ತೊಂದರೆ ಇರುವ ಬೇರೆಯವರಿಗಾಗಿ ಬರೆಯುತ್ತಿದ್ದೇನೆ. ನನ್ನದರಲ್ಲಿ ವೈಫೈ ಪಟ್ಟಿ ಬರುತ್ತಿತ್ತು, ಆದರೆ ರೌಟರ್ ಪಕ್ಕ ಕೂತರೆ ಮಾತ್ರ ಸಿಗ್ನಲ್. ಚಿಪ್ ಆರ್‌ಟಿಎಲ್ 8723 ಬಿಇ. ಲ್ಯಾಪ್‌ಟಾಪ್ ಒಳಗೆ ಆಂಟೆನಾ ವೈರ್ ಒಂದೇ ಇತ್ತು, ಡ್ರೈವರ್ ವೈರ್ ಇಲ್ಲದ ಇನ್ನೊಂದು ತುದಿಯನ್ನು ಬಳಸುತ್ತಿತ್ತು. ಡ್ರೈವರ್ ಸೆಟ್ಟಿಂಗ್ ಇರುವ ಮಾಡ್‌ಪ್ರೋಬ್ ಡಾಟ್ ಡಿ ಫೋಲ್ಡರಿನಲ್ಲಿ ಒಂದು ಫೈಲ್ ಮಾಡಿ ಈ ಡ್ರೈವರ್‌ಗೆ 'ಆಂಟ್ ಸೆಲ್' (ಆಂಟೆನಾ ಆಯ್ಕೆ) ಬೆಲೆ 2 ಅಂತ ಬರೆದೆ. ರೀಸ್ಟಾರ್ಟ್ ಆದ ಮೇಲೆ ಮಹಡಿಯ ಮೇಲೂ ಸಿಗ್ನಲ್ ಬಂತು. ಕೆಲವರಿಗೆ 1 ಕೆಲಸ ಮಾಡುತ್ತದೆ, ಎರಡನ್ನೂ ನೋಡಿ.

ಮೊದಲನೆಯವರು: ಕನೆಕ್ಟ್ ಆಗಿ ಆಗಾಗ ಕಡಿದುಹೋದರೆ ಪವರ್ ಸೇವ್ (ಬ್ಯಾಟರಿ ಉಳಿಸುವ ಸೆಟ್ಟಿಂಗ್) ನೋಡಿ. ನೆಟ್‌ವರ್ಕ್ ಮ್ಯಾನೇಜರ್‌ನ ಕಾನ್ಫ್ ಡಾಟ್ ಡಿ ಫೋಲ್ಡರಿನಲ್ಲಿ ವೈಫೈ ಪವರ್‌ಸೇವ್ 3 ಅಂತ ಇರುತ್ತದೆ. 2 ಮಾಡಿದರೆ ಆಫ್. ಬ್ಯಾಟರಿ ಸ್ವಲ್ಪ ಬೇಗ ಖಾಲಿಯಾಗಬಹುದು, ಅಷ್ಟೇ.